ಸಿಳ್ಳೆ ಹೊಡೆಯುವ ಕಿಟಕಿ

ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಸಮುದ್ರದ ಗಾಳಿ ಎದ್ದರೆ ನಮ್ಮ ಮಲಗುವ ಕೋಣೆಯ ಕಿಟಕಿ ಕುಕ್ಕರ್ ಥರ ಸಿಳ್ಳೆ ಹೊಡೆಯುತ್ತಿತ್ತು. ಎರಡು ಪದರದ ಗಾಜು, ಆದರೂ ದಿಂಬಿನ ಹತ್ತಿರ ಚಳಿ. ರಿಪೇರಿಯವರು ಬಂದು ನೋಡಿ, ಇಡೀ ಕಿಟಕಿ ಬದಲಿಸಬೇಕು ಅಂದುಬಿಟ್ಟರು.

ಭಾನುವಾರ ಊದುಬತ್ತಿ ಹಚ್ಚಿ ಚೌಕಟ್ಟಿನ ಸುತ್ತ ಹಿಡಿದೆ. ಕೆಳಮೂಲೆಯಲ್ಲಿ ಹೊಗೆ ಸರಕ್ಕನೆ ಒಳಗೆ ಬಾಗಿತು. ಗಾಜಿನದ್ದೇನೂ ತಪ್ಪಿಲ್ಲ. ಅಂಚಿನ ರಬ್ಬರ್ ಒಣಗಿ, ಚಪ್ಪಟೆಯಾಗಿ, ಬೆರಳಗಲ ಕುಗ್ಗಿಹೋಗಿತ್ತು. ಹಳೆಯದರ ಒಂದು ತುಂಡು ಕತ್ತರಿಸಿಕೊಂಡು, ಅದೇ ಆಕಾರದ್ದು ಹುಡುಕಿ ತಂದೆ. ಹೊಸದನ್ನು ಎಳೆದು ಕೂರಿಸಬಾರದು, ಆಮೇಲೆ ಕುಗ್ಗುತ್ತೆ. ಸುಮ್ನೆ ಒತ್ತುತ್ತಾ ಹೋಗಬೇಕು. ಚಿಲಕದ ಪಟ್ಟಿಯಲ್ಲಿ ಅಣಬೆಯಂಥ ಗುಂಡಿಗಳಿದ್ದವು. ಅವನ್ನು ಅಲೆನ್ ಕೀ ಅನ್ನೋ ಆರು ಮೂಲೆಯ ಬಾಗಿದ ಕೀಲಿಯಿಂದ ಸ್ವಲ್ಪ ತಿರುಗಿಸಿದರೆ ಕಿಟಕಿ ಬಾಗಿಲು ಬಿಗಿಯಾಗಿ ಕೂರುತ್ತದೆ. ನಾನು ಮೊದಲು ಉಲ್ಟಾ ತಿರುಗಿಸಿದೆ, ಅದು ಬೇರೆ ಮಾತು. ಕೊನೆಗೆ ಬಿಗಿ ಸಾಕಾ ಅಂತ ನೋಡಲು, ಕಾಗದ ಸಿಕ್ಕಿಸಿ ಕಿಟಕಿ ಮುಚ್ಚಿ ಕಾಗದವನ್ನು ಎಳೆದೆ. ಜಗ್ಗಲಿಲ್ಲ!

ಊರಿನ ಮನೆಯಲ್ಲಿ ಅಜ್ಜ ಗಾಳಿ ಬರಲಿ ಅಂತಲೇ ಗೋಡೆಯಲ್ಲಿ ಗವಾಕ್ಷಿ ಬಿಡಿಸಿದ್ದರು. ಮೊಮ್ಮಗ ಇಲ್ಲಿ ಊದುಬತ್ತಿ ಹಿಡಿದು ತೂತು ಹುಡುಕುತ್ತಿದ್ದಾನೆ, ತಮಾಷೆ ಅಲ್ವಾ?

ನಿನ್ನೆ ರಾತ್ರಿ ಗಾಳಿ ಜೋರಿತ್ತು. ಕಿಟಕಿ ಸದ್ದಿಲ್ಲ. ಈಗ ನನ್ನ ಗೊರಕೆ ಜಾಸ್ತಿ ಕೇಳಿಸುತ್ತಿದೆಯಂತೆ, ಹೆಂಡತಿಯ ದೂರು.