ಎಡ ಅಂಚಿನಿಂದ ಬಲ ಅಂಚಿಗೆ

ಜನವರಿ 18, 2024, ಗುರುವಾರ

66 ವರ್ಷಗಳ ಹಿಂದೆ ಇದೇ ದಿನ, 1958ರಲ್ಲಿ, ಮಾಂಟ್ರಿಯಲ್ ಫೋರಮ್ ಕ್ರೀಡಾಂಗಣದಲ್ಲಿ ಬಾಸ್ಟನ್ ಬ್ರೂಯಿನ್ಸ್ ತಂಡದ ಪರವಾಗಿ ಮಂಜುಗಡ್ಡೆಯ ಅಂಕಣಕ್ಕಿಳಿದ ವಿಲ್ಲಿ ಓ'ರೀ ಅವರು ಉತ್ತರ ಅಮೆರಿಕದ ಅಗ್ರ ಐಸ್ ಹಾಕಿ ಲೀಗಾದ ನ್ಯಾಷನಲ್ ಹಾಕಿ ಲೀಗಿನಲ್ಲಿ ಆಡಿದ ಮೊದಲ ಕಪ್ಪುವರ್ಣೀಯ ಆಟಗಾರರೆನಿಸಿದರು. ಅವರನ್ನು ಕುರಿತ ಬರಹಗಳು ಸಾಮಾನ್ಯವಾಗಿ ಇಲ್ಲಿಂದ ಆರಂಭವಾಗಿ, ಆ ಲೀಗಿನಲ್ಲಿ ಅವರು ಆಡಿದ್ದು 45 ಪಂದ್ಯ, ಹೊಡೆದದ್ದು 4 ಗೋಲು, ನೆರವಾದದ್ದು 10 ಗೋಲುಗಳಿಗೆ ಎಂಬ ಲೆಕ್ಕದೊಂದಿಗೆ ಮುಗಿದುಬಿಡುತ್ತವೆ. ಲೆಕ್ಕ ತಪ್ಪಲ್ಲ, ಆದರೆ ಎರಡು ದಶಕಗಳಿಗೂ ಮಿಕ್ಕಿ ವೃತ್ತಿಪರವಾಗಿ ಆಡಿದವರನ್ನು ಈ 45ರಿಂದ ಅಳೆಯುವುದು ಅನ್ಯಾಯವೆಂದು ನನಗೆ ಬಹಳ ದಿನಗಳಿಂದ ಅನಿಸುತ್ತಿದೆ.

ಕೆನಡಾದ ಫ್ರೆಡರಿಕ್ಟನ್‌ನಲ್ಲಿ 1935ರಲ್ಲಿ ಜನಿಸಿದ ಓ'ರೀ ಅವರು ಜೂನಿಯರ್ ಹಾಕಿ ಆಡುತ್ತಿದ್ದಾಗ, 20ರ ಹರೆಯದಲ್ಲಿ, ಗಟ್ಟಿ ರಬ್ಬರಿನ ಬಿಲ್ಲೆಯಾದ ಪಕ್ ಮುಖಕ್ಕೆ ಬಡಿದು ಬಲಗಣ್ಣಿನ ದೃಷ್ಟಿ ಶೇ. 95ರಷ್ಟು ಹೋಯಿತು. ಇನ್ನು ಆಡುವಂತಿಲ್ಲ ಎಂದು ವೈದ್ಯರು ಹೇಳಿದರು. ಅವರು ಕೆಲವೇ ವಾರಗಳಲ್ಲಿ ಸ್ಕೇಟ್ ಕಟ್ಟಿಕೊಂಡು ಅಂಕಣಕ್ಕೆ ಮರಳಿದರು. ಒಂದು ಕಣ್ಣು ಕಾಣದವರಿಗೆ ನ್ಯಾಷನಲ್ ಲೀಗಿನಲ್ಲಿ ಆಡಲು ಅವಕಾಶವಿರಲಿಲ್ಲವಾದ್ದರಿಂದ, ಈ ವಿಷಯವನ್ನು ವರ್ಷಗಟ್ಟಲೆ ಗುಟ್ಟಾಗಿಯೇ ಇಟ್ಟುಕೊಂಡರು.

ಅವರ ಸ್ಥಾನ ಲೆಫ್ಟ್ ವಿಂಗ್ ಎಂಬುದನ್ನು ನೆನೆದಾಗ ಈ ಗುಟ್ಟಿನ ಭಾರ ತಿಳಿಯುತ್ತದೆ. ಎಡ ಅಂಚಿನಲ್ಲಿ ಎದುರಾಳಿಯ ಗೋಲಿನತ್ತ ಸಾಗುವವನಿಗೆ ಎಡಕ್ಕೆ ಇರುವುದು ಅಂಕಣದ ತಡೆಗೋಡೆ ಮಾತ್ರ. ಸಹ ಆಟಗಾರರು, ಪಾಸ್ ಆಗಿ ಬರುವ ಪಕ್, ಮೈಮೇಲೆ ಎರಗುವ ರಕ್ಷಣಾ ಆಟಗಾರ, ಎಲ್ಲವೂ ಬಲಗಡೆಯಿಂದಲೇ ಬರಬೇಕು. ಇಂದು ಮಧ್ಯಾಹ್ನ ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಗೋಡೆಯನ್ನು ಎಡಕ್ಕಿಟ್ಟುಕೊಂಡು ಕೋಣೆಯುದ್ದಕ್ಕೂ ನಡೆದು ನೋಡಿದೆ. ಬಲಗಡೆಯಲ್ಲಿ ಏನಿದೆಯೆಂದು ತಿಳಿಯಲು ಕತ್ತನ್ನು ಪೂರ್ತಿ ಹೊರಳಿಸಬೇಕಾಯಿತು. ಹೊರಳಿಸಿದೊಡನೆ ಮುಂದಿನ ದಾರಿ ಕಣ್ಣಿನಿಂದ ಜಾರಿತು. ನಡೆಯುವವನಿಗೇ ಹೀಗಿರುವಾಗ, ದೇಹದಿಂದ ಗುದ್ದಿ ತಡೆಯುವುದು ನಿಯಮಬದ್ಧವಾಗಿರುವ ಆಟದಲ್ಲಿ, ಆಟಗಾರರು ಹೆಲ್ಮೆಟ್ ಧರಿಸುವ ರೂಢಿಯೂ ಇಲ್ಲದ ಆ ಕಾಲದಲ್ಲಿ, ಅಷ್ಟು ವೇಗದಲ್ಲಿ ಜಾರುತ್ತಾ ಅವರು ಹೇಗೆ ಆಡಿದರೋ! ಅದರ ಮೇಲೆ ಪ್ರೇಕ್ಷಕರ ಜನಾಂಗೀಯ ನಿಂದನೆಯನ್ನೂ ಸಹಿಸಬೇಕಿತ್ತು. 1961ರ ಜನವರಿ 1ರಂದು ಮಾಂಟ್ರಿಯಲ್ ತಂಡದ ವಿರುದ್ಧ ಹೊಡೆದ ಮೊದಲ ಗೋಲನ್ನೂ ಸೇರಿಸಿ, ಆ ನಾಲ್ಕೂ ಗೋಲುಗಳು ಈ ಸ್ಥಿತಿಯಲ್ಲಿ ಬಂದವು.

ಆಗ ಲೀಗಿನಲ್ಲಿ ಇದ್ದದ್ದೇ ಆರು ತಂಡಗಳು, ಜಾಗ ಕಳೆದುಕೊಂಡವರಿಗೆ ಮತ್ತೆ ಜಾಗ ಸಿಗುವುದು ಕಷ್ಟ. 1961ರಲ್ಲಿ ಅವರು ಕೆಳಹಂತದ ವೆಸ್ಟರ್ನ್ ಹಾಕಿ ಲೀಗಿನ ಲಾಸ್ ಏಂಜಲೀಸ್ ಬ್ಲೇಡ್ಸ್ ತಂಡವನ್ನು ಸೇರಿದರು. ಅಲ್ಲಿ ಅವರನ್ನು ರೈಟ್ ವಿಂಗ್‌ಗೆ ಬದಲಾಯಿಸಲಾಯಿತು. ಅವರ ವೃತ್ತಿಜೀವನದ ನಿಜವಾದ ತಿರುವು ಇದೇ ಎಂದು ನಾನು ನಂಬುತ್ತೇನೆ, ಏಕೆಂದರೆ ಈಗ ಕಾಣದ ಕಣ್ಣಿನ ಕಡೆಗೆ ತಡೆಗೋಡೆ ಬಂತು, ಇಡೀ ಆಟ ಕಾಣುವ ಕಣ್ಣಿನ ಮುಂದೆ ತೆರೆದುಕೊಂಡಿತು. 1964–65ರ ಋತುವಿನಲ್ಲಿ ಅವರು 38 ಗೋಲು ಹೊಡೆದರು. 1967ರಲ್ಲಿ ನ್ಯಾಷನಲ್ ಲೀಗ್ ಆರರಿಂದ ಹನ್ನೆರಡು ತಂಡಗಳಿಗೆ ಬೆಳೆದಾಗಲೂ ಅವರಿಗೆ ಮರುಕರೆ ಬರಲಿಲ್ಲ ಎಂಬುದು ನನ್ನನ್ನು ಇಂದಿಗೂ ನೋಯಿಸುತ್ತದೆ. ಸ್ಯಾನ್ ಡಿಯಾಗೋದಲ್ಲಿ ಆಟ ಮುಂದುವರಿಸಿದ ಅವರು 1979ರಲ್ಲಿ, 43ರ ವಯಸ್ಸಿನಲ್ಲಿ, ಸ್ಕೇಟ್ ಬಿಚ್ಚಿಟ್ಟರು. ಅವರ ನಂತರದ ಕಪ್ಪುವರ್ಣೀಯ ಆಟಗಾರ ಮೈಕ್ ಮಾರ್ಸನ್ ನ್ಯಾಷನಲ್ ಲೀಗಿಗೆ ಬಂದದ್ದು 1974ರಲ್ಲಿ.

2018ರಲ್ಲಿ ಹಾಕಿ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡದ್ದು ಆಟವನ್ನು ಕಟ್ಟಿ ಬೆಳೆಸಿದವರ ವಿಭಾಗದಲ್ಲಿ, ಆಟಗಾರರ ವಿಭಾಗದಲ್ಲಲ್ಲ. 1998ರಿಂದ ಲೀಗಿನ ಪ್ರತಿನಿಧಿಯಾಗಿ ಊರೂರು ತಿರುಗಿ ಮಕ್ಕಳನ್ನು ಹಾಕಿಯತ್ತ ಕರೆತಂದವರಿಗೆ ಅದು ಸಲ್ಲತಕ್ಕದ್ದೇ. ಆದರೂ 2022ರಲ್ಲಿ ಇದೇ ದಿನ ಬ್ರೂಯಿನ್ಸ್ ತಂಡವು ಅವರ 22ನೆಯ ಸಂಖ್ಯೆಯನ್ನು ಇನ್ನಾರಿಗೂ ಕೊಡದಂತೆ ನಿವೃತ್ತಿಗೊಳಿಸಿದ್ದು ನನಗೆ ಹೆಚ್ಚು ಪ್ರಿಯವಾದ ಗೌರವ. ಅದು ಅವರು ಬೆನ್ನ ಮೇಲೆ ಹೊತ್ತು ಆಡಿದ ಸಂಖ್ಯೆ.