ಡೆಟ್ರಾಯಿಟ್‌ನಲ್ಲಿ ಒಂದು ಮತದಾನದ ಮಂಗಳವಾರ

2024ರ ಜುಲೈ ಕೊನೆಗೆ ಅಕ್ಕನ ಮಗನ ಮನೆಗೆ ಅಂತ ಮಿಷಿಗನ್‌ಗೆ ಹೋಗಿದ್ದೆ. ಅವನಿರುವುದು ನೋವೈ ಎಂಬ ಊರಿನಲ್ಲಿ. ನೋವೈ, ಕ್ಯಾಂಟನ್, ಟ್ರಾಯ್ ಈ ಕಡೆಯೆಲ್ಲ ನಮ್ಮವರು ತುಂಬಾ ಇದ್ದಾರೆ, ಪಂಪ ಕನ್ನಡ ಕೂಟ ಅಂತ ಸಂಘವೂ ಇದೆ. ಸಂಜೆ ವಾಕಿಂಗ್ ಹೋದರೆ ಯಾರಾದರೂ ಒಬ್ಬರು ಕನ್ನಡದಲ್ಲಿ ಮಾತಾಡಿಸಿಯೇ ತೀರುತ್ತಾರೆ. ಸಿಕ್ಕವರೆಲ್ಲ ನಯಾಗರಾಕ್ಕೆ ಹೋಗಿ, ಶಿಕಾಗೋಗೆ ಹೋಗಿ ಅಂದರು. ನನ್ನ ತಲೆಯಲ್ಲಿ ಇದ್ದದ್ದು ಮಾತ್ರ 13ನೇ ಕಾಂಗ್ರೆಸ್ ಕ್ಷೇತ್ರ (ಅಲ್ಲಿ ಕಾಂಗ್ರೆಸ್ ಅಂದರೆ ಸಂಸತ್ತು), ಅಂದರೆ ಡೆಟ್ರಾಯಿಟ್ ನಗರದ ದೊಡ್ಡ ಭಾಗ ಮತ್ತು ಅದರ ಸುತ್ತಲಿನ ಊರುಗಳು.

ಕಾರಣ ಇಷ್ಟೇ. ಆ ಕ್ಷೇತ್ರದ ಸಂಸದ ಶ್ರೀ ಥಾಣೇದಾರ್ ನಮ್ಮ ಕಡೆಯವರು. 1955ರಲ್ಲಿ ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದವರು, ಮನೆಮಾತು ಮರಾಠಿ. ಹದಿನಾಲ್ಕನೇ ವಯಸ್ಸಿಗೇ ಮನೆ ನಡೆಸಲು ಸಣ್ಣಪುಟ್ಟ ಕೆಲಸಕ್ಕೆ ನಿಂತವರು. ಕರ್ನಾಟಕ ವಿಶ್ವವಿದ್ಯಾಲಯದಿಂದ ರಸಾಯನಶಾಸ್ತ್ರದ ಪದವಿ ಪಡೆದು, ಮುಂಬೈಗೆ ಹೋಗಿ, 1979ರಲ್ಲಿ ಅಮೆರಿಕಕ್ಕೆ ಬಂದರು. ನಾನು ಧಾರವಾಡದವನು, ಅದೇ ವಿಶ್ವವಿದ್ಯಾಲಯದ ಪದವಿಯೇ ನನ್ನ ಕೈಯಲ್ಲೂ ಇರುವುದು. ನಮ್ಮೂರಿನ ಕಡೆಯ ಒಬ್ಬ ಹುಡುಗ ಹೋಗಿ ಹೋಗಿ ಡೆಟ್ರಾಯಿಟ್‌ಗೆ ಸಂಸದ ಆಗಿದ್ದಾನೆ ಅಂದರೆ ನೋಡದೆ ಇರಲು ಆಗುತ್ತದಾ? ಅದೂ ಆಗಸ್ಟ್ 6ರ ಮಂಗಳವಾರ ಅಲ್ಲಿ ಪ್ರೈಮರಿ ಇತ್ತು, ಅಂದರೆ ಪಕ್ಷದ ಅಭ್ಯರ್ಥಿ ಯಾರು ಅಂತ ಮತದಾರರೇ ಆರಿಸುವ ಚುನಾವಣೆ. ಅವರ ಎದುರು ನಿಂತವರು ಬೇರೆ ಪಕ್ಷದವರಲ್ಲ, ಅವರದೇ ಡೆಮಾಕ್ರಟಿಕ್ ಪಕ್ಷದವರು.

ಈ ಪ್ರೈಮರಿ ಅನ್ನುವುದು ನನಗೆ ಸರಿಯಾಗಿ ಅರ್ಥ ಆದದ್ದು ಅಡುಗೆಮನೆ ಟೇಬಲ್ ಮೇಲೆ. ಅಲ್ಲಿ ಯಾರು ಬೇಕಾದರೂ ಮತಪತ್ರವನ್ನು ಮನೆಗೇ ತರಿಸಿಕೊಳ್ಳಬಹುದು, ಕಾರಣ ಕೊಡಬೇಕಿಲ್ಲ. ಅಕ್ಕನ ಮಗ ತನ್ನದನ್ನು ಉಪ್ಪಿಟ್ಟಿನ ತಟ್ಟೆ ಪಕ್ಕಕ್ಕೆ ಸರಿಸಿ ಬಿಡಿಸಿದ. ಉದ್ದನೆಯ ದಪ್ಪ ಕಾಗದ. ಒಂದು ಕಡೆ ಡೆಮಾಕ್ರಟಿಕ್ ಸಾಲು, ಇನ್ನೊಂದು ಕಡೆ ರಿಪಬ್ಲಿಕನ್ ಸಾಲು. ಹೆಸರಿನ ಮುಂದೆ ಪುಟ್ಟ ಖಾಲಿ ಚೌಕ, ಅದನ್ನು ಪೆನ್ನಿನಲ್ಲಿ ಪೂರ್ತಿ ತುಂಬಬೇಕು. ಯಾವ ಪಕ್ಷದ ಸಾಲು ಅನ್ನುವುದು ನಿಮ್ಮಿಷ್ಟ, ಆದರೆ ಎರಡರಲ್ಲೂ ಕೈಯಾಡಿಸಿದರೆ ಆ ಭಾಗದ ಮತ ಅಷ್ಟೂ ಹಾಳು. ಸೆನೆಟ್ ಸ್ಥಾನಕ್ಕೆ ಡೆಮಾಕ್ರಟಿಕ್ ಸಾಲಿನಲ್ಲಿ ಎಲಿಸಾ ಸ್ಲಾಟ್ಕಿನ್ ಮತ್ತು ನಟ ಹಿಲ್ ಹಾರ್ಪರ್, ಇಬ್ಬರ ಹೆಸರು ಒಂದರ ಕೆಳಗೊಂದು ಇತ್ತು. ನೋವೈ 13ನೇ ಕ್ಷೇತ್ರಕ್ಕೆ ಸೇರದ ಕಾರಣ ಥಾಣೇದಾರ್ ಹೆಸರು ಅದರಲ್ಲಿ ಇರಲಿಲ್ಲ. ನಾನು ಆ ಕಾಗದ ಹಿಡಿದುಕೊಂಡು ಬಹಳ ಹೊತ್ತು ನೋಡಿದೆ. ನಮ್ಮಲ್ಲಿ ಬಿ ಫಾರಂಗಾಗಿ ಎಷ್ಟು ಓಡಾಟ, ಬೆಂಗಳೂರು, ದೆಹಲಿ, ರಾತ್ರಿ ಮೀಟಿಂಗು, ಸಿಗದಿದ್ದರೆ ಕಣ್ಣೀರು, ಬಂಡಾಯ, ಉಚ್ಚಾಟನೆ. ಇಲ್ಲಿ ಆ ಬಿ ಫಾರಂ ಕೊಡುವವನು ಉಪ್ಪಿಟ್ಟು ತಿನ್ನುತ್ತಾ ನನ್ನ ಎದುರಿಗೆ ಕೂತಿದ್ದ.

13ನೇ ಕ್ಷೇತ್ರದ ಕಥೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಡೆಟ್ರಾಯಿಟ್‌ನ ಪ್ರತಿ ನಾಲ್ಕು ಜನರಲ್ಲಿ ಸುಮಾರು ಮೂವರು ಆಫ್ರಿಕನ್ ಅಮೆರಿಕನ್ನರು. 1955ರಲ್ಲಿ ಚಾರ್ಲ್ಸ್ ಡಿಗ್ಸ್ ಈ ನಗರದಿಂದ ಕಾಂಗ್ರೆಸ್‌ಗೆ ಹೋದರು. 1965ರಿಂದ ಜಾನ್ ಕಾನ್ಯರ್ಸ್ ಬಂದರು, ಐವತ್ತು ವರ್ಷಕ್ಕೂ ಜಾಸ್ತಿ ಇದ್ದು 2017ರ ಡಿಸೆಂಬರ್‌ನಲ್ಲಿ ರಾಜೀನಾಮೆ ಕೊಟ್ಟರು. ಹೀಗೆ ಸುಮಾರು ಎಪ್ಪತ್ತು ವರ್ಷ ಈ ನಗರದಿಂದ ಒಬ್ಬರಾದರೂ ಕಪ್ಪು ಸಂಸದರು ವಾಷಿಂಗ್ಟನ್‌ನಲ್ಲಿ ಇದ್ದೇ ಇರುತ್ತಿದ್ದರು. 2022ರಲ್ಲಿ ಕ್ಷೇತ್ರಗಳ ಗಡಿ ಬದಲಾಯಿತು, ಮಿಷಿಗನ್‌ಗೆ ಇದ್ದ 14 ಸ್ಥಾನ 13ಕ್ಕೆ ಇಳಿಯಿತು. ಹೊಸ 13ನೇ ಕ್ಷೇತ್ರದ ಡೆಮಾಕ್ರಟಿಕ್ ಪ್ರೈಮರಿಗೆ ಒಂಬತ್ತು ಜನ ನಿಂತರು, ಹೆಚ್ಚಿನವರು ಕಪ್ಪು ಜನಾಂಗದವರೇ. ಮತ ಒಡೆದು ಹೋಯಿತು. ಸ್ವಂತ ದುಡ್ಡು ಸುರಿದು ನಿಂತಿದ್ದ ಥಾಣೇದಾರ್ ಸುಮಾರು 28 ಶೇಕಡಾ ಮತ ಪಡೆದು ಗೆದ್ದರು. ಎರಡನೇ ಸ್ಥಾನಕ್ಕೆ ಬಂದ ಆ್ಯಡಂ ಹಾಲಿಯರ್ ಡೆಟ್ರಾಯಿಟ್‌ನಲ್ಲೇ ಹುಟ್ಟಿ ಬೆಳೆದವರು, ಆಗ ರಾಜ್ಯ ಸೆನೆಟರ್. ಅಂತರ ಸುಮಾರು ನಾಲ್ಕು ಸಾವಿರ ಮತ, ಅಷ್ಟೇ. ಇಸ್ರೇಲ್ ಪರ ಗುಂಪೊಂದು ಹಾಲಿಯರ್ ಪರವಾಗಿ ನಾಲ್ಕು ಮಿಲಿಯನ್ ಡಾಲರ್‌ಗೂ ಹೆಚ್ಚು ಖರ್ಚು ಮಾಡಿತ್ತು. ಆಮೇಲೆ ಅದೇ ಥಾಣೇದಾರ್ ಇಸ್ರೇಲ್‌ನ ಗಟ್ಟಿ ಬೆಂಬಲಿಗರಾದರು ಅನ್ನುವುದು ಬೇರೆ ಮಾತು.

ಈ ಕ್ಷೇತ್ರದಲ್ಲಿ ಡೆಮಾಕ್ರಟಿಕ್ ಪ್ರೈಮರಿ ಗೆದ್ದವರು ನವೆಂಬರ್‌ನಲ್ಲಿ ಸೋಲುವ ಮಾತೇ ಇಲ್ಲ. ಹಾಗಾಗಿ ಆಗಸ್ಟ್‌ನದ್ದೇ ನಿಜವಾದ ಚುನಾವಣೆ.

2024ರಲ್ಲಿ ಹಾಲಿಯರ್ ಮತ್ತೆ ನಿಲ್ಲಲು ಹೊರಟರು. ಮತಪತ್ರದಲ್ಲಿ ಹೆಸರು ಬರಬೇಕಾದರೆ 1,000 ಮತದಾರರ ಸರಿಯಾದ ಸಹಿ ಬೇಕು. ಅವರು ಕೊಟ್ಟದ್ದು 1,500ಕ್ಕೂ ಜಾಸ್ತಿ. ಥಾಣೇದಾರ್ ಕಡೆಯವರು ತಕರಾರು ಎತ್ತಿದರು, ವೇಯ್ನ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು) ಕಚೇರಿ ಒಂದೊಂದೇ ಸಹಿ ನೋಡಿತು, ಕೊನೆಗೆ ಸರಿ ಅಂತ ಉಳಿದದ್ದು 863. ಹಾಲಿಯರ್ ಕಣದಿಂದ ಹೊರಗೆ. ನಿಯಮ ನಿಯಮವೇ, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಆ ಮಂಗಳವಾರ ನಾನು ಮಾತಾಡಿಸಿದವರಲ್ಲಿ ಅರ್ಧ ಜನ ಮೊದಲು ಎತ್ತಿದ್ದು ಇದೇ 863ರ ಸುದ್ದಿ. ಕಣದಲ್ಲಿ ಉಳಿದವರಲ್ಲಿ ಮುಖ್ಯ ಸ್ಪರ್ಧಿ ಅಂದರೆ ಮೇರಿ ವಾಟರ್ಸ್, ಡೆಟ್ರಾಯಿಟ್ ನಗರಸಭೆಯ ಸದಸ್ಯೆ. ಮೂರನೆಯವರು ಶಕೀರಾ ಹಾಕಿನ್ಸ್.

ಬೆಳಿಗ್ಗೆ ಏಳೂವರೆಗೆ ಹೊರಟೆವು. ಅಕ್ಕನ ಮಗ ಒಂದು ದಿನ ರಜೆ ಹಾಕಿದ್ದ. ಊರೊಳಗೆ ಬರುವಾಗ ಮಿಷಿಗನ್ ಸೆಂಟ್ರಲ್ ರೈಲು ನಿಲ್ದಾಣ ಸಿಗುತ್ತದೆ. 1913ರ ಕಟ್ಟಡ, 1988ರಲ್ಲಿ ಕೊನೆಯ ರೈಲು ಹೋದ ಮೇಲೆ ಮೂವತ್ತು ವರ್ಷ ಪಾಳು ಬಿದ್ದಿತ್ತು. ಫೋರ್ಡ್ ಕಂಪನಿ ಅದನ್ನು ಕೊಂಡು ರಿಪೇರಿ ಮಾಡಿಸಿ ಆಗಷ್ಟೇ ಜೂನ್‌ನಲ್ಲಿ ತೆರೆದಿತ್ತು. ಚೆನ್ನಾಗಿದೆ. ಎಲ್ಲರೂ ಅದರ ಫೋಟೊ ಹಾಕುತ್ತಾರೆ, ನಾನು ಅದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ.

ವುಡ್‌ವರ್ಡ್ ರಸ್ತೆ ಹಿಡಿದು ಉತ್ತರಕ್ಕೆ ಹೋದರೆ ಹೈಲ್ಯಾಂಡ್ ಪಾರ್ಕ್. ನಾನು ಇಡೀ ಪ್ರವಾಸದಲ್ಲಿ ಮರೆಯದ ಜಾಗ ಇದು. ಹೆನ್ರಿ ಫೋರ್ಡ್ 1913ರಲ್ಲಿ ಚಲಿಸುವ ಅಸೆಂಬ್ಲಿ ಲೈನ್ ಶುರು ಮಾಡಿದ್ದು ಇಲ್ಲಿ, ಮರುವರ್ಷ ದಿನಕ್ಕೆ ಐದು ಡಾಲರ್ ಕೂಲಿ ಘೋಷಿಸಿದ್ದೂ ಇಲ್ಲಿಯೇ. ಆ ಕಾರ್ಖಾನೆಯ ಕಟ್ಟಡ ಇನ್ನೂ ನಿಂತಿದೆ. ಅದೇ ಊರಿನಲ್ಲಿ 2011ರಲ್ಲಿ ಕರೆಂಟ್ ಬಿಲ್ ಕಟ್ಟಲಾಗದೆ ಸಾವಿರಕ್ಕೂ ಹೆಚ್ಚು ಬೀದಿದೀಪಗಳನ್ನು ಕಂಬ ಸಮೇತ ಕಿತ್ತುಕೊಂಡು ಹೋದರು. ಒಂದು ಓಣಿಯಲ್ಲಿ ನಡೆದೆ. ಒಂದು ಮನೆ, ಆಮೇಲೆ ಮೂರು ಖಾಲಿ ಸೈಟು, ಮತ್ತೆ ಒಂದು ಮನೆ. ಖಾಲಿ ಸೈಟುಗಳಲ್ಲಿ ಹುಲ್ಲು ನೀಟಾಗಿ ಕತ್ತರಿಸಿದೆ. ಯಾರು ಕತ್ತರಿಸುತ್ತಾರೆ ಅಂದರೆ ಪಕ್ಕದ ಮನೆಯವರೇ ಅಂತೆ. ಹೋದವರ ಜಾಗ ಉಳಿದವರು ನೋಡಿಕೊಳ್ಳುತ್ತಿದ್ದಾರೆ. 1950ರಲ್ಲಿ 18 ಲಕ್ಷ ಜನ ಇದ್ದ ಡೆಟ್ರಾಯಿಟ್ ನಗರದಲ್ಲಿ 2020ರ ಗಣತಿಗೆ ಉಳಿದದ್ದು ಸುಮಾರು 6 ಲಕ್ಷ 39 ಸಾವಿರ. ಅಂಕಿ ಮೊದಲೇ ಓದಿದ್ದೆ. ಆ ಹುಲ್ಲು ನೋಡಿದಾಗ ಹೊಟ್ಟೆಯಲ್ಲಿ ಏನೋ ಆಯಿತು.

ಅಲ್ಲಿಂದ ವಾಪಸ್ ನಗರದ ಕಡೆ ಬಂದು ಒಂದು ಶಾಲೆಯ ಮುಂದೆ ಕಾರು ನಿಲ್ಲಿಸಿದೆವು. ಅದು ಮತಗಟ್ಟೆ. ಬಾಗಿಲಿನಿಂದ ನೂರು ಅಡಿ ಒಳಗೆ ಪ್ರಚಾರ ಮಾಡುವಂತಿಲ್ಲ. ಆ ಗಡಿಯ ಹೊರಗೆ ಹುಲ್ಲಿನ ಮೇಲೆ ಸಾಲಾಗಿ ಪುಟ್ಟ ಫಲಕಗಳು, ಮಡಚುವ ಕುರ್ಚಿಯಲ್ಲಿ ಒಬ್ಬ ವಯಸ್ಸಾದ ಹೆಂಗಸು. ಕಾಲ ಬಳಿ ಐಸ್ ಪೆಟ್ಟಿಗೆ, ಮಡಿಲಲ್ಲಿ ವಾಟರ್ಸ್ ಅವರ ಕರಪತ್ರ. ಬಂದವರಿಗೆಲ್ಲ ಮೊದಲು ನೀರಿನ ಬಾಟಲಿ, ಆಮೇಲೆ ಕರಪತ್ರ. ನನಗೂ ಎರಡೂ ಕೊಟ್ಟರು. ನನಗೆ ಮತ ಇಲ್ಲ, ನಾನು ಭಾರತದಿಂದ ಬಂದವನು, ನಿಮ್ಮ ಸಂಸದರ ಊರು ನಮ್ಮೂರಿನಿಂದ ಒಂದೂವರೆ ಗಂಟೆ ದಾರಿ ಅಂತ ನೇರವಾಗಿ ಹೇಳಿದೆ. ಬೇಜಾರು ಮಾಡಿಕೊಳ್ಳುತ್ತಾರೇನೋ ಅಂದುಕೊಂಡಿದ್ದೆ. ಅವರು ಪಕ್ಕದ ಖಾಲಿ ಕುರ್ಚಿ ತೋರಿಸಿ, ಕೂತುಕೋ ಅಂದರು.

ಕೂತೆ. ಅರ್ಧ ಗಂಟೆ ಮಾತಾಡಿದರು. ಅವರ ಅಪ್ಪ ಅಮೆರಿಕದ ದಕ್ಷಿಣದ ಅಲಬಾಮಾದಿಂದ ಕಾರು ಕಾರ್ಖಾನೆ ಕೆಲಸಕ್ಕೆ ಅಂತ ಬಂದವರು. ಥಾಣೇದಾರ್ ಬಗ್ಗೆ ಅವರು ಒಂದು ಕೆಟ್ಟ ಮಾತನ್ನೂ ಆಡಲಿಲ್ಲ. ಫೋನ್ ಮಾಡಿದರೆ ಆಫೀಸಿನವರು ಎತ್ತುತ್ತಾರೆ, ಕೆಲಸವೂ ಆಗುತ್ತದೆ ಅಂದರು. "ಆದರೆ ನಮ್ಮ ಅಮ್ಮನಿಗೆ ಮತ ಹಾಕುವ ಹಕ್ಕಿದ್ದೂ ದಕ್ಷಿಣದಲ್ಲಿ ಹಾಕಲು ಬಿಡಲಿಲ್ಲ. ಇಲ್ಲಿಗೆ ಬಂದ ಮೇಲೆ ಹಾಕಿದಳು, ನಮ್ಮಂಥವರೊಬ್ಬರು ಗೆದ್ದಿದ್ದನ್ನು ನೋಡಿದಳು. ಆ ಕುರ್ಚಿ ಸುಮ್ನೆ ಒಂದು ಕುರ್ಚಿ ಅಲ್ಲ ನಮಗೆ. ಥಾಣೇದಾರ್ ಆನ್ ಆರ್ಬರ್ ಊರಿನಿಂದ ಇಲ್ಲಿಗೆ ಬಂದು ಎಷ್ಟು ವರ್ಷ ಆಯಿತು, ನೀನೇ ಹೇಳು" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಥಾಣೇದಾರ್ 2018ರಲ್ಲಿ ಗವರ್ನರ್ ಆಗಲು ನಿಂತಾಗ ಆನ್ ಆರ್ಬರ್‌ನವರು, ಪ್ರೈಮರಿಯಲ್ಲಿ ಮೂರನೆಯವರಾದ ಮೇಲೆ ಡೆಟ್ರಾಯಿಟ್‌ಗೆ ಬಂದು ನೆಲೆಸಿದರು, 2020ರಲ್ಲಿ ರಾಜ್ಯ ಶಾಸಕರಾದರು. ಇದೆಲ್ಲ ನನಗೆ ಗೊತ್ತಿತ್ತು. ಆದರೆ ಬಂದವನಿಗೆ ಹೆಮ್ಮೆ ಅನ್ನಿಸುವ ಗೆಲುವೇ ಅಲ್ಲಿದ್ದವರಿಗೆ ಕಳೆದುಕೊಂಡ ಹಾಗೆ ಅನ್ನಿಸಬಹುದು ಅಂತ ನಾನು ಅಷ್ಟು ಹತ್ತಿರದಿಂದ ಯೋಚಿಸಿರಲಿಲ್ಲ. ಬೆಳಗಾವಿ ಕಡೆಯ ನನಗೆ ಇದು ತಿಳಿಯಬೇಕಿತ್ತು, ನೆಲ ಯಾರದು, ಮಾತು ಯಾರದು ಅನ್ನುವ ಜಗಳ ಕೇಳುತ್ತಲೇ ದೊಡ್ಡವನಾದವನು ನಾನು. ಅವರ ಮಾತು ನ್ಯಾಯ ಅಂತ ಅಲ್ಲೇ ಅನ್ನಿಸಿತು. ಥಾಣೇದಾರ್ ಗೆಲ್ಲಲಿ ಅಂತಲೂ ಅನ್ನಿಸುತ್ತಲೇ ಇತ್ತು. ಎರಡೂ ನಿಜ.

ಆಮೇಲೆ ಒಬ್ಬ ಗಡ್ಡದ ಯುವಕ ಮತ ಹಾಕಿ ಹೊರಗೆ ಬಂದ, ಅಂಗಿಯ ಮೇಲೆ 'ಮತ ಹಾಕಿದೆ' ಸ್ಟಿಕರ್. ಅವನು ಥಾಣೇದಾರ್‌ಗೆ ಹಾಕಿದ್ದನಂತೆ. ಅವನ ಅಜ್ಜಿಯ ಯಾವುದೋ ಸರ್ಕಾರಿ ಕಾಗದ ತಿಂಗಳುಗಟ್ಟಲೆ ಎಲ್ಲೋ ಸಿಕ್ಕಿಕೊಂಡಿತ್ತು, ಸಂಸದರ ಆಫೀಸಿಗೆ ಹೇಳಿದ ಮೇಲೆ ಬಂತು. "ನನಗೆ ಅಷ್ಟು ಸಾಕು" ಅಂದ. ಅಜ್ಜಿ ಯಾರಿಗೆ ಹಾಕಿದರು ಅಂತ ಕೇಳಿದೆ. ನಗುತ್ತಾ ಕುರ್ಚಿಯಲ್ಲಿದ್ದ ಹೆಂಗಸನ್ನು ತೋರಿಸಿ, ಅವರ ಫ್ರೆಂಡ್ ನಮ್ಮಜ್ಜಿ, ಮತ್ತೆ ಯಾರಿಗೆ ಹಾಕುತ್ತಾರೆ ಅಂದ.

ಊಟಕ್ಕೆ ಹ್ಯಾಮ್‌ಟ್ರಾಮಿಕ್‌ಗೆ ಹೋದೆವು. ಡೆಟ್ರಾಯಿಟ್ ನಡುವೆಯೇ ಇರುವ ಬೇರೆ ಪುಟ್ಟ ನಗರ ಅದು, ಮೊದಲು ಪೋಲೆಂಡಿನವರು ತುಂಬಿದ್ದರು, ಈಗ ಯೆಮನ್ ಮತ್ತು ಬಾಂಗ್ಲಾದೇಶದವರು. ಕಾನಂಟ್ ರಸ್ತೆಯಲ್ಲಿ ಬಂಗಾಳಿ ಬೋರ್ಡುಗಳು. ಅನ್ನ, ಬೇಳೆ, ಬದನೆಕಾಯಿ. ಹೋಟೆಲಿನ ಟಿವಿಯಲ್ಲಿ ಪ್ರೈಮರಿ ಸುದ್ದಿಯೇ ಇಲ್ಲ, ಅವತ್ತೇ ಬೆಳಿಗ್ಗೆ ಕಮಲಾ ಹ್ಯಾರಿಸ್ ಉಪಾಧ್ಯಕ್ಷ ಸ್ಥಾನಕ್ಕೆ ಟಿಮ್ ವಾಲ್ಜ್ ಅವರನ್ನು ಆರಿಸಿದ್ದರು, ಎಲ್ಲ ಚಾನೆಲ್‌ನಲ್ಲೂ ಅದೇ.

ರಾತ್ರಿ ಎಂಟಕ್ಕೆ ಮತದಾನ ಮುಗಿಯಿತು. ಅಕ್ಕನ ಮಗ ಲ್ಯಾಪ್‌ಟಾಪ್ ತೆರೆದು ಕೂತ, ಸೊಸೆ ಸಾರಿಗೆ ಒಗ್ಗರಣೆ ಹಾಕುತ್ತಾ ಅಲ್ಲಿಂದಲೇ ಎಷ್ಟಾಯ್ತು ಎಷ್ಟಾಯ್ತು ಅಂತ ಕೇಳುತ್ತಿದ್ದಳು. ಥಾಣೇದಾರ್ ಗೆದ್ದರು. ಈ ಸಲ ಅರ್ಧಕ್ಕಿಂತ ಜಾಸ್ತಿ ಮತ ಬಂದಿತ್ತು, ವಾಟರ್ಸ್ ಅವರಿಗೆ ಸುಮಾರು ಮೂರರಲ್ಲಿ ಒಂದು ಪಾಲು. ಅದೇ ರಾತ್ರಿ ಸೇಂಟ್ ಲೂಯಿಸ್‌ನಲ್ಲಿ ಹಾಲಿ ಸಂಸದೆ ಕೋರಿ ಬುಷ್ ಸ್ವಂತ ಪಕ್ಷದ ವೆಸ್ಲಿ ಬೆಲ್ ಎದುರು ಸೋತರು. ಆಕೆ 2020ರಲ್ಲಿ ಹೀಗೆಯೇ ಪ್ರೈಮರಿಯಲ್ಲಿ ಲೇಸಿ ಕ್ಲೇ ಅವರನ್ನು ಸೋಲಿಸಿ ಬಂದವರು. ಜೂನ್‌ನಲ್ಲಿ ನ್ಯೂಯಾರ್ಕ್‌ನ ಜಮಾಲ್ ಬೋಮನ್‌ಗೂ ಇದೇ ಗತಿ ಆಗಿತ್ತು. ಇಬ್ಬರ ವಿರುದ್ಧವೂ ಹೊರಗಿನ ದುಡ್ಡು ಹೊಳೆಯಾಗಿ ಹರಿದಿತ್ತು. ಬಿ ಫಾರಂ ಮತದಾರನ ಕೈಯಲ್ಲಿದೆ ಅಂತ ಬೆಳಿಗ್ಗೆ ಇದ್ದ ಖುಷಿ ರಾತ್ರಿಗೆ ಸ್ವಲ್ಪ ಇಳಿದಿತ್ತು, ಸುಳ್ಳು ಹೇಳುವುದಿಲ್ಲ. ಟಿವಿ ಜಾಹೀರಾತಿಗೆ ದುಡ್ಡು ಇದ್ದವರೇ ಆ ಕೈಯನ್ನು ಹಿಡಿದು ನಡೆಸುವ ಹಾಗಿದೆ, ಥಾಣೇದಾರ್ ಅವರ ಸ್ವಂತ ದುಡ್ಡೂ ಅದರಲ್ಲಿ ಸೇರಿತು.

ಮರುದಿನ ಸಂಜೆ ನನ್ನ ವಿಮಾನ. ಏರ್‌ಪೋರ್ಟ್ ಇರುವುದು ರೋಮ್ಯುಲಸ್‌ನಲ್ಲಿ, ಅದೂ 13ನೇ ಕ್ಷೇತ್ರವೇ. ಅವತ್ತೇ ಹ್ಯಾರಿಸ್ ಮತ್ತು ವಾಲ್ಜ್ ಅಲ್ಲಿನ ವಿಮಾನದ ಶೆಡ್ಡಿನಲ್ಲಿ ಸಭೆ ಇಟ್ಟುಕೊಂಡಿದ್ದರು, ದಾರಿ ತುಂಬಾ ಕಾರು. ಟ್ಯಾಕ್ಸಿ ಓಡಿಸುತ್ತಿದ್ದವರು ಡೆಟ್ರಾಯಿಟ್‌ನ ಪೂರ್ವ ಭಾಗದವರು, ಅರವತ್ತರ ಹತ್ತಿರದ ವಯಸ್ಸು. ಮಾತು ನಿನ್ನೆಯ ಚುನಾವಣೆಗೆ ಬಂತು. ಅವರು ವಾಟರ್ಸ್‌ಗೆ ಹಾಕಿದ್ದರು. ನನ್ನೂರು ಯಾವುದು ಅಂತ ಗೊತ್ತಾದ ಮೇಲೆ ಕನ್ನಡಿಯಲ್ಲಿ ನನ್ನನ್ನು ನೋಡಿ, ಹಾಗಾದರೆ ಅವರ ಹೆಸರು ಸರಿಯಾಗಿ ಹೇಗೆ ಹೇಳುವುದು, ನೀವು ಹೇಳಿಕೊಡಿ ಅಂದರು. 2018ರಲ್ಲಿ ಥಾಣೇದಾರ್ ಹಾಕಿಸಿದ್ದ ಒಂದು ಟಿವಿ ಜಾಹೀರಾತಿನಲ್ಲಿ ಜನ ಅವರ ಹೆಸರನ್ನು ತಪ್ಪುತಪ್ಪಾಗಿ ಹೇಳುತ್ತಾರಂತೆ, ಅದು ಇವರಿಗೆ ಇನ್ನೂ ನೆನಪಿತ್ತು.

ಥಾ, ಣೇ, ದಾರ್ ಅಂತ ಬಿಡಿಸಿ ಹೇಳಿದೆ. 'ಣ' ಅವರ ನಾಲಿಗೆಗೆ ಬರಲಿಲ್ಲ. ನಾಲ್ಕು ಸಲ ಪ್ರಯತ್ನ ಮಾಡಿದರು, ಮುಂದಿನ ಕಾರು ಅರ್ಧ ಅಡಿ ಸರಿದರೆ ಇವರೂ ಅರ್ಧ ಅಡಿ ಸರಿಸುತ್ತಾ. ಐದನೇ ಸಲ ಹತ್ತಿರ ಹತ್ತಿರ ಬಂತು. ಇಳಿಯುವಾಗ ಸೂಟ್‌ಕೇಸ್ ಎತ್ತಿ ಕೊಟ್ಟು ಇನ್ನೊಂದು ಸಲ ಹೇಳಿ ನೋಡಿದರು. ಕರಪತ್ರ ಕೊಟ್ಟ ಆ ಹೆಂಗಸಿನ ನೀರಿನ ಬಾಟಲಿ ನನ್ನ ಬ್ಯಾಗಿನಲ್ಲೇ ಇತ್ತು, ಸೆಕ್ಯುರಿಟಿಗೆ ಮೊದಲು ಅದನ್ನು ಅಲ್ಲೇ ನಿಂತು ಕುಡಿದು ಮುಗಿಸಿದೆ. ಕರಪತ್ರ ಪಾಸ್‌ಪೋರ್ಟ್ ಒಳಗೆ ಇಟ್ಟು ಧಾರವಾಡಕ್ಕೆ ತಂದಿದ್ದೇನೆ.