ಆಟಿಯ ಮೇಜಿನ ಮೇಲೆ ಎರಡು ಗೆಲ್ಲು

ತುಳುನಾಡಿನಲ್ಲಿ ಆಟಿ ತಿಂಗಳ ಅಮಾವಾಸ್ಯೆಯಂದು ಹಾಲೆ ಮರದ ಕೆತ್ತೆ, ಅಂದರೆ ತೊಗಟೆ, ತಂದು ಕಷಾಯ ಮಾಡಿ ಕುಡಿಯುತ್ತಾರೆ. ಅದರ ಮುನ್ನಾದಿನ ಉಡುಪಿಯ ನಮ್ಮ ಕಾಲೇಜಿನ ಗೇಟಿನ ಬಳಿ ಸಸ್ಯಶಾಸ್ತ್ರ ವಿಭಾಗದವರು ಮೇಜು ಹಾಕುತ್ತಿದ್ದರು. ಮೇಲೆ ಎರಡೇ ಗೆಲ್ಲು, ಅಂದರೆ ರೆಂಬೆ: ಒಂದು ಹಾಲೆಯದು, ತುಳುವಿನ ಪಾಲೆ, ಇನ್ನೊಂದು ವಿಷದ ಮರ ಕಾಸರಕದ್ದು. ಮರುದಿನ ಬೆಳಕು ಹರಿಯುವ ಮುಂಚೆ ಕೆತ್ತೆಗೆ ಹೊರಡುವವರಿಗೆ ಇವೆರಡರ ವ್ಯತ್ಯಾಸ ತಿಳಿದಿರಬೇಕಲ್ಲ.

ಬಿಡಿ ಎಲೆ ತರುವಂತಿರಲಿಲ್ಲ, ಗೆಲ್ಲೇ ಬೇಕು. ಹಾಲೆಯ ಗುರುತಿರುವುದು ಎಲೆಗಳ ಜೋಡಣೆಯಲ್ಲಿ. ಒಂದೇ ಗಿಣ್ಣಿನಿಂದ ನಾಲ್ಕರಿಂದ ಏಳು ಎಲೆ ಕೊಡೆಯ ಕಡ್ಡಿಗಳಂತೆ ಸುತ್ತಲೂ ಹರಡಿರುತ್ತವೆ. ನಡುನರದಿಂದ ಅಂಚಿನವರೆಗೆ ಸಣ್ಣ ನರಗಳು ಬಾಚಣಿಗೆಯ ಹಲ್ಲಿನಂತೆ ಒತ್ತೊತ್ತಾಗಿರುತ್ತವೆ. ಕಾಸರಕದಲ್ಲಿ ಗಿಣ್ಣಿಗೆ ಎರಡೇ ಎಲೆ, ಎದುರುಬದುರು. ಬುಡದಿಂದಲೇ ಮೂರರಿಂದ ಐದು ದಪ್ಪ ನರ ಬಾಗಿ ತುದಿಯತ್ತ ಸಾಗುತ್ತವೆ. ತೊಟ್ಟು ಮುರಿದರೆ ಹಾಲೆಯಲ್ಲಿ ಬಿಳಿ ಹಾಲು, ಕಾಸರಕದಲ್ಲಿ ಇಲ್ಲ.

ಆದರೆ ಹಾಲನ್ನಷ್ಟೇ ತೋರಿಸಿ ಕಳಿಸಿದರೆ ಅನಾಹುತ. ಹೊಳೆದಂಡೆಯ ಸರ್ಬೆರಾ ಓಡೊಲ್ಲಂ ಎಂಬ ಮರವೂ ಹಾಲೆಯದೇ ಕುಟುಂಬ. ಅದಕ್ಕೂ ಹಾಲಿದೆ, ಎಲೆಗಳೂ ತುದಿಯಲ್ಲಿ ಗುಂಪಾಗಿರುತ್ತವೆ, ಬೀಜವಂತೂ ಹೃದಯವನ್ನೇ ನಿಲ್ಲಿಸುವ ವಿಷ. ಆದರೆ ಆ ಎಲೆಗಳು ಒಂದೇ ಗಿಣ್ಣಿನಿಂದ ಹೊರಟಿರುವುದಿಲ್ಲ. ಹಾಲು, ಸುತ್ತು, ನರ ಮೂರೂ ಕೂಡಿದರೆ ಮಾತ್ರ ಹಾಲೆ. ಗೆಲ್ಲನ್ನು ಒದ್ದೆ ಪೇಪರಿನಲ್ಲಿ ಸುತ್ತಿಡಬೇಕು, ಮಧ್ಯಾಹ್ನಕ್ಕೆ ಹೊಸದು ತರಬೇಕು. ಬಾಡಿದ ತೊಟ್ಟಿನಲ್ಲಿ ಹಾಲು ಒಸರದಿದ್ದರೆ ನೋಡುವವರ ನಂಬಿಕೆಯೂ ಹೋಗುತ್ತದೆ.

ಹಾಲೆಯ ಲ್ಯಾಟಿನ್ ಹೆಸರು ಕೊನೆಗೆ. ಆಲ್‌ಸ್ಟೋನಿಯಾ ಸ್ಕೊಲಾರಿಸ್ ಅಂದರೆ ಯಾರ ತಲೆಗೂ ಹತ್ತದು. ಈ ಮರದ ಹಲಗೆಯಿಂದ ಶಾಲೆಯ ಸ್ಲೇಟು ಮಾಡುತ್ತಿದ್ದರು, ಅದಕ್ಕೇ ‘ಸ್ಕೊಲಾರಿಸ್’ ಎಂದರೆ ಮರೆಯದು. ಕೆತ್ತೆಯಲ್ಲಿ ಮಲೇರಿಯಾದ ಮದ್ದು ಕ್ವಿನೈನ್ ಇದೆ ಎನ್ನುವವರು ಬಹಳ. ಕಹಿ ಇದೆ, ಎಕಿಟಮಿನ್‌ನಂಥ ಆಲ್ಕಲಾಯ್ಡ್ ಎಂಬ ಸಸ್ಯರಾಸಾಯನಿಕಗಳಿವೆ. ಕ್ವಿನೈನ್ ಮಾತ್ರ ಸಿಂಕೋನಾ ಮರದ್ದು.

“ಕುದಿಸಿದರೆ ವಿಷ ಹೋಗುವುದಿಲ್ಲವಾ?” ಇದು ಪ್ರತಿ ವರ್ಷದ ಪ್ರಶ್ನೆ, ಎಲ್ಲಕ್ಕಿಂತ ಅಪಾಯದ್ದು. ಕಾಸರಕದ ಸ್ಟ್ರಿಕ್ನಿನ್ ಕುದಿಗೆ ಬಗ್ಗುವುದಿಲ್ಲ. ಬೆಳ್ಳುಳ್ಳಿ, ಓಮದ ಒಗ್ಗರಣೆಗಾಗಲಿ ಕಷಾಯಕ್ಕೆ ಕಾಯಿಸಿ ಹಾಕುವ ಬೆಣಚುಕಲ್ಲಿಗಾಗಲಿ ಅದು ಮುರಿಯುವ ವಿಷವಲ್ಲ.

ಕಷಾಯ ಕುಡಿಯಬೇಡಿ ಎಂದು ಆ ಮೇಜಿನಲ್ಲಿ ಯಾರೂ ಹೇಳಲಿಲ್ಲ. ಹಾಗೆ ಹೇಳಿದ್ದರೆ ಕೇಳುವವರೂ ಇರುತ್ತಿರಲಿಲ್ಲ. ಇವತ್ತೇ ಹಗಲಲ್ಲಿ ಮರ ಗುರುತಿಸಿ ಕಾಂಡಕ್ಕೆ ಬಾಳೆನಾರು ಕಟ್ಟಿ ಬನ್ನಿ, ನಾಳೆ ಕತ್ತಲಲ್ಲಿ ಕೈಗೆ ನಾರು ಸಿಕ್ಕಿದ ಮರದಿಂದ ಮಾತ್ರ ಕಲ್ಲಿನಲ್ಲಿ ಜಜ್ಜಿ ಕೆತ್ತೆ ತೆಗೆಯಿರಿ ಎನ್ನುತ್ತಿದ್ದರು. ಅದೂ ಒಂದೇ ಮಗ್ಗುಲಲ್ಲಿ, ಅಂಗೈಯಗಲ. ಸುತ್ತಲೂ ಸುಲಿದರೆ ಎಲೆಯ ಆಹಾರ ಬೇರಿಗಿಳಿಯದೆ ಮರವೇ ಒಣಗುತ್ತದೆ.